ಕೀಲಿಕೈ ಕೊಡದ ಬಾಡಿಗೆ

ಬಾಡಿಗೆಗೆ ಮನೆ ಹಿಡಿದವರಿಗೆಲ್ಲ 11 ತಿಂಗಳ ಕರಾರು ಗೊತ್ತು. 12 ಏಕಲ್ಲ ಎಂದು ಕೇಳುವವರು ಕಡಿಮೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಾಯಿಸಿದರೆ ಶುಲ್ಕ, ಓಡಾಟ, ಮುಂದೆ ಜಗಳವಾದರೆ ಬಾಡಿಗೆದಾರನ ಕೈಗೊಂದು ಗಟ್ಟಿ ದಾಖಲೆ. ಹಾಗಾಗಿ ತಿಂಗಳೊಂದನ್ನು ಕತ್ತರಿಸಿ, ಛಾಪಾ ಕಾಗದದಲ್ಲಿ ಬರೆಸಿ ಕೆಲಸ ಮುಗಿಸುತ್ತಾರೆ. ಹತ್ತು ವರ್ಷದಿಂದ ಅದೇ ಮನೆಯಲ್ಲಿರುವ ಸಂಸಾರವೂ ಕಾಗದದ ಲೆಕ್ಕದಲ್ಲಿ ಮೊನ್ನೆ ಮೊನ್ನೆ ಬಂದು ಸೇರಿದ್ದೇ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಸೀಟಿನ ಲೆಕ್ಕದಲ್ಲಿ ಆಫೀಸು ಕೊಡುವ ಇಂದಿನ ದೊಡ್ಡ ಉದ್ಯಮ ಈ ಸಣ್ಣ ಉಪಾಯದ ಒಡಹುಟ್ಟು. ಕುರ್ಚಿ, ಮೇಜು, ಇಂಟರ್‌ನೆಟ್, ಕಾಫಿ ಯಂತ್ರ, ಸ್ವಾಗತಕಾರಿಣಿ ಎಲ್ಲವೂ ಸೇರಿ ತಿಂಗಳಿಗಿಷ್ಟು ಎಂದು ಕೊಡುವ ಈ ಏರ್ಪಾಡನ್ನು ಹೊಸ ತಲೆಮಾರಿನ ಹುಡುಗರ ಶೋಕಿ ಎಂದೋ ಸ್ಟಾರ್ಟ್‌ಅಪ್‌ಗಳ ಕೂಸು ಎಂದೋ ವಿವರಿಸುವುದು ರೂಢಿ. ಅದರ ಹುಟ್ಟನ್ನು ಹುಡುಕಿಕೊಂಡು ಹೋದರೆ ಸಿಗುವುದು ಬಾಡಿಗೆ ಕಾನೂನಿನ ಕಡತಗಳು. ಜಾಗ ಬೇಕು, ಜಾಗದ ಜೊತೆಗೆ ಅಂಟಿಕೊಂಡು ಬರುವ ಮಾತಿನ ಹೊರೆ ಬೇಡ ಎನ್ನುವವರಿಗಾಗಿ ಕಾನೂನಿನ ಅಂಚಿನಲ್ಲಿ ಸವೆದ ಕಾಲುದಾರಿ ಇದು. ವ್ಯಾಪಾರಸ್ಥರು ಅದನ್ನು ಆಯ್ದುಕೊಳ್ಳುವುದಕ್ಕೆ ಮೂಲ ಕಾರಣವೂ ಅಲ್ಲೇ ಇದೆ.

ದಾರಿ ಕವಲೊಡೆದದ್ದು 1882ರಲ್ಲಿ. ಆ ಒಂದೇ ವರ್ಷ ಬ್ರಿಟಿಷ್ ಸರ್ಕಾರ ಎರಡು ಕಾಯ್ದೆಗಳನ್ನು ತಂದಿತು. ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮು ಗುತ್ತಿಗೆ ಎಂದರೇನು ಎಂದು ಹೇಳಿತು: ಮಾಲೀಕ ತನ್ನ ಸ್ವತ್ತನ್ನು ಅನುಭವಿಸುವ ಹಕ್ಕನ್ನೇ ಒಂದು ಅವಧಿಗೆ ಇನ್ನೊಬ್ಬನಿಗೆ ವರ್ಗಾಯಿಸುತ್ತಾನೆ. ಸರಾಗ ಹಕ್ಕುಗಳ ಕಾಯ್ದೆಯ 52ನೇ ಕಲಮು ಪರವಾನಗಿಯನ್ನು, ಎಂದರೆ ಲೈಸೆನ್ಸನ್ನು, ವಿವರಿಸಿತು: ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ, ಇಲ್ಲದಿದ್ದರೆ ಅತಿಕ್ರಮವಾಗುತ್ತಿದ್ದ ಕೆಲಸವನ್ನು ಮಾಡಲು ಅನುಮತಿ ಮಾತ್ರ ಸಿಗುತ್ತದೆ. ಪೇಟೆಬೀದಿಯಲ್ಲಿ ಮಳಿಗೆ ಹಿಡಿದವನಿಗೂ ಜಾತ್ರೆಯಲ್ಲಿ ನಾಲ್ಕು ದಿನ ಬಳೆ ಅಂಗಡಿ ಹಾಕಿದವನಿಗೂ ಇರುವ ವ್ಯತ್ಯಾಸ ಇದೇ. ಮಳಿಗೆಯವನು ಬಾಗಿಲು ಹಾಕಿ ಬೀಗ ಜಡಿದು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮಾಲೀಕನೂ ಕೇಳಿಯೇ ಒಳಗೆ ಬರಬೇಕು. ಜಾತ್ರೆಯ ಅಂಗಡಿಗೆ ಬೀಗವೇ ಇಲ್ಲ. ಆಗಿನ ಕಾಲಕ್ಕೆ ಈ ವ್ಯತ್ಯಾಸ ವಕೀಲರ ಪುಸ್ತಕದೊಳಗೆ ಉಳಿಯುವಷ್ಟು ಸಣ್ಣದಾಗಿತ್ತು. ಬಾಡಿಗೆ ನಿಯಂತ್ರಣ ಬಂದ ಮೇಲೆ ಅದಕ್ಕೆ ಬೆಲೆ ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ನಗರಗಳಿಗೆ ಜನ ನುಗ್ಗಿದರು, ಬಾಡಿಗೆ ಏರಿತು, ಸರ್ಕಾರಗಳು ಕಡಿವಾಣ ಹಾಕಿದವು. ಮುಂಬಯಿಯ 1947ರ ಬಾಡಿಗೆ ಕಾಯ್ದೆ 1940ರ ಸೆಪ್ಟೆಂಬರ್ 1ರ ದರವನ್ನೇ ಮಾನದಂಡವಾಗಿ ಹಿಡಿಯಿತು. ನಮ್ಮಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ, 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಕಟ್ಟಡ ಖಾಲಿಯಾದರೆ ಮಾಲೀಕ ಕಂಟ್ರೋಲರಿಗೆ ತಿಳಿಸಬೇಕು, ಅದನ್ನು ಯಾರಿಗೆ ಕೊಡಬೇಕೆಂದು ಕಂಟ್ರೋಲರೇ ಹೇಳಬಹುದು, ಒಮ್ಮೆ ಒಳಗೆ ಬಂದವನನ್ನು ಖಾಲಿ ಮಾಡಿಸಲು ಕಾಯ್ದೆಯೇ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಡ ಬಾಡಿಗೆದಾರನನ್ನು ಬೀದಿಗೆ ಬೀಳದಂತೆ ಕಾಯುವ ಉದ್ದೇಶ ಒಳ್ಳೆಯದೇ, ಅದು ಅನೇಕರನ್ನು ಕಾಯ್ದದ್ದೂ ನಿಜ. ಆದರೆ ಕಾಯ್ದೆ ಮನೆಗೂ ಅಂಗಡಿಗೂ ಆಫೀಸಿಗೂ ಒಟ್ಟಾಗಿ ಅನ್ವಯಿಸಿದ್ದರಿಂದ ಕಟ್ಟಡದ ಮಾಲೀಕನಿಗೆ ಕೀಲಿಕೈ ಕೊಡುವುದೆಂದರೆ ಕಟ್ಟಡವನ್ನೇ ಬರೆದುಕೊಟ್ಟಂತೆ ಎಂಬ ಭಯ ಹುಟ್ಟಿತು. ಬಾಡಿಗೆಯ ಹಣ ಬೇಕು, ಬಾಡಿಗೆದಾರ ಬೇಡ ಎಂಬ ವಿಚಿತ್ರ ಆಸೆ ಮೊಳೆತದ್ದು ಆಗ.

ಮುಂಬಯಿಯವರು ಈ ಆಸೆಗೆ ‘ಲೀವ್ ಅಂಡ್ ಲೈಸೆನ್ಸ್’ ಎಂಬ ಹೆಸರು ಕೊಟ್ಟರು. ಕಾಗದದಲ್ಲಿ ‘ಬಾಡಿಗೆ’ ಎಂಬ ಪದವೇ ಇರುವುದಿಲ್ಲ, ‘ಪರಿಹಾರಧನ’ ಎಂದಿರುತ್ತದೆ. ದೆಹಲಿಯ ಇಂಪೀರಿಯಲ್ ಹೋಟೆಲಿನ ಒಡೆತನದ ಕಂಪನಿ 1949ರಲ್ಲಿ ಇದೇ ದಾರಿ ಹಿಡಿದು ಹೋಟೆಲಿನೊಳಗಿನ ಕೋಣೆಗಳನ್ನು ಕೇಶಾಲಂಕಾರದ ವ್ಯವಹಾರ ನಡೆಸುವವರೊಬ್ಬರಿಗೆ ಕೊಟ್ಟಿತು. ಪತ್ರದ ತುಂಬ ‘ಲೈಸೆನ್ಸ್’ ಎಂಬ ಮಾತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1959ರ ತೀರ್ಪಿನಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಹೇಳಿದ್ದರ ಸಾರ ಇಷ್ಟು: ಪತ್ರಕ್ಕೆ ಏನು ಹೆಸರಿಟ್ಟಿದ್ದೀರಿ ಎಂಬುದು ಮುಖ್ಯವಲ್ಲ, ಒಳಗಿನ ತಿರುಳು ನೋಡಬೇಕು. ಕೋಣೆಯ ಪೂರ್ಣ ಸ್ವಾಧೀನ ಒಬ್ಬನಿಗೇ ಸಿಕ್ಕಿದ್ದರೆ ಮೇಲ್ನೋಟಕ್ಕೆ ಅವನು ಬಾಡಿಗೆದಾರನೇ. ಆ ಪ್ರಕರಣದಲ್ಲಿ ಅದು ಗುತ್ತಿಗೆಯೇ ಎಂದು ತೀರ್ಮಾನವಾಯಿತು. ಬಿಳಿಯ ಕಾಗದದ ಮೇಲೆ ಲೈಸೆನ್ಸ್ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ ಎಂದಾಯಿತು. 1973ರಲ್ಲಿ ಮಹಾರಾಷ್ಟ್ರ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ವರ್ಷದ ಫೆಬ್ರುವರಿ 1ರಂದು ಲೈಸೆನ್ಸಿನ ಮೇಲೆ ಜಾಗದಲ್ಲಿದ್ದವರನ್ನು ಬಾಡಿಗೆದಾರರೆಂದೇ ಪರಿಗಣಿಸುವ ತಿದ್ದುಪಡಿ ತಂದಿತು. ಜಾತ್ರೆಯ ಬಳೆ ಅಂಗಡಿಯವರು ರಾತ್ರೋರಾತ್ರಿ ಮಳಿಗೆಯ ಹಕ್ಕುದಾರರಾದರು. ಮಾಲೀಕರು ಕಲಿತ ಪಾಠ ಸ್ಪಷ್ಟ: ಹೆಸರು ಬದಲಿಸಿದರೆ ಸಾಲದು, ವ್ಯವಸ್ಥೆಯನ್ನೇ ಬದಲಿಸಬೇಕು. ಬಾಗಿಲು ತಮ್ಮ ಕೈಯಲ್ಲೇ ಇರಬೇಕು, ಕಸ ಗುಡಿಸುವವರು ತಮ್ಮವರೇ ಆಗಿರಬೇಕು, ದೂರವಾಣಿ ಎತ್ತುವವರೂ ತಮ್ಮವರೇ ಆಗಿರಬೇಕು. ಸೇವೆಗಳು ಹೆಚ್ಚಾದಷ್ಟೂ ಅದು ಬಾಡಿಗೆಯಿಂದ ದೂರ ಸರಿಯುತ್ತದೆ. ಇಂದು ಗ್ರಾಹಕನ ಅನುಕೂಲಕ್ಕೆಂದು ಜಾಹೀರಾತಿನಲ್ಲಿ ಕಾಣುವ ಸೇವೆಗಳ ಪಟ್ಟಿಗೆ ಮಾಲೀಕನ ರಕ್ಷಾಕವಚದ ಗುಣವೂ ಇದೆ.

ಇಂಗ್ಲೆಂಡಿನಲ್ಲೂ ಇದೇ ಕಥೆ. ಅಲ್ಲಿನ 1954ರ ಕಾಯ್ದೆ ವ್ಯಾಪಾರಿ ಬಾಡಿಗೆದಾರರಿಗೆ ಗುತ್ತಿಗೆ ನವೀಕರಿಸಿಕೊಳ್ಳುವ ಹಕ್ಕು ಕೊಟ್ಟಿತು. ಲಂಡನ್ನಿನ ಒಳ್ಳೆಯ ಕಟ್ಟಡಗಳಲ್ಲಿ 25 ವರ್ಷದ ಗುತ್ತಿಗೆ, ಬಾಡಿಗೆ ಏರಬಹುದೇ ಹೊರತು ಇಳಿಯುವಂತಿಲ್ಲ ಎಂಬ ಷರತ್ತು ಬಹುಕಾಲ ಮಾಮೂಲಾಗಿದ್ದವು. 1980ರ ದಶಕದಲ್ಲಿ ಡ್ರೆಸ್ಡನ್ ಎಸ್ಟೇಟ್ಸ್ ಎಂಬ ಪ್ರಕರಣ ಅಲ್ಲಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಜಾಗ ಕೊಟ್ಟವರು ಪತ್ರದಲ್ಲಿ ಒಂದು ಸಾಲು ಸೇರಿಸಿದ್ದರು: ಬೇಕೆಂದಾಗ ನಿಮ್ಮನ್ನು ಬೇರೊಂದು ಜಾಗಕ್ಕೆ ಕಳಿಸುವ ಅಧಿಕಾರ ನಮಗಿದೆ. ಎಬ್ಬಿಸಿ ಬೇರೆಡೆ ಕೂರಿಸುವ ಅಧಿಕಾರ ಮಾಲೀಕನಿಗಿದ್ದರೆ ಅಲ್ಲಿ ಪೂರ್ಣ ಸ್ವಾಧೀನವೆಲ್ಲಿ ಬಂತು ಎಂದು ನ್ಯಾಯಾಲಯ ಕೇಳಿತು, ಅದು ಲೈಸೆನ್ಸ್ ಎಂದೇ ಒಪ್ಪಿತು. ಬಿಡಿ ಆಫೀಸು ಕೊಡುವವರ ಕರಾರುಗಳಲ್ಲಿ ಇಂದಿಗೂ ಇಂಥ ಸಾಲು ಸಾಮಾನ್ಯವಾಗಿ ಇರುತ್ತದೆ. ಓದುವವರು ಅದನ್ನು ಆಡಳಿತದ ಸಣ್ಣ ಷರತ್ತೆಂದು ಓದಿ ಮುಂದೆ ಹೋಗುತ್ತಾರೆ. ಇಡೀ ಕಟ್ಟಡ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ವ್ಯಾಪಾರಿಗಳು ಸ್ವಂತ ಆಫೀಸಿಲ್ಲದೆ ಬದುಕಿದ್ದು ಹೊಸತೇನಲ್ಲ, ಅದಕ್ಕೆ ಬಾಡಿಗೆ ಕಾನೂನನ್ನು ಏಕೆ ಎಳೆದು ತರಬೇಕು ಎಂದು ಯಾರಾದರೂ ಕೇಳಬಹುದು. ಕಲ್ಕತ್ತೆಯ ಮ್ಯಾನೇಜಿಂಗ್ ಏಜೆನ್ಸಿಗಳು ಸೆಣಬು, ಚಹಾ, ಕಲ್ಲಿದ್ದಲಿನ ಹತ್ತಾರು ಕಂಪನಿಗಳನ್ನು ಒಂದೇ ವಿಳಾಸದಿಂದ ನಡೆಸುತ್ತಿದ್ದವು. ಗುಮಾಸ್ತರೂ ಲೆಕ್ಕಪುಸ್ತಕಗಳೂ ಅವರವೇ. ಬೆಂಗಳೂರಿನ ಉಣ್ಣೆ ಮತ್ತು ಹತ್ತಿ ಗಿರಣಿಯನ್ನು ಮದರಾಸಿನ ಬಿನ್ನಿ ಕಂಪನಿ ನಡೆಸಿದ್ದೂ ಏಜೆಂಟನಾಗಿಯೇ. ಹೋಲಿಕೆ ಸರಿ, ಆದರೆ ಅರ್ಧದವರೆಗೆ ಮಾತ್ರ. ಏಜೆನ್ಸಿಯಲ್ಲಿ ಆಫೀಸಿನ ಜೊತೆಗೆ ಕಂಪನಿಯ ಆಡಳಿತವೂ ಏಜೆಂಟನ ಪಾಲಾಗುತ್ತಿತ್ತು. ಜಾಗದ ಹೊರೆ ಇಳಿಸಿಕೊಂಡವರು ಯಜಮಾನಿಕೆಯನ್ನೂ ಇಳಿಸಿಕೊಡಬೇಕಿತ್ತು. ಆ ಪದ್ಧತಿಯನ್ನು ಕೇಂದ್ರ ಸರ್ಕಾರ 1970ರ ಏಪ್ರಿಲ್‌ನಲ್ಲಿ ಕೊನೆಗಾಣಿಸಿತು. ಯಜಮಾನಿಕೆ ತಮ್ಮಲ್ಲೇ ಇರಲಿ, ಜಾಗದ ಹೊರೆ ಮಾತ್ರ ಬೇರೆಯವರಿಗಿರಲಿ ಎಂಬ ಬಿಡಿಸಿಕೊಂಡ ಏರ್ಪಾಡಿಗೆ ಬೇರೆ ಬಗೆಯ ಕರಾರು ಬೇಕಿತ್ತು. ಅದನ್ನು ರೂಪಿಸಿಕೊಟ್ಟದ್ದು ಮೇಲೆ ಹೇಳಿದ ವ್ಯಾಜ್ಯಗಳೇ.

ಬೆಂಗಳೂರಿಗೆ ಈ ಏರ್ಪಾಡು ಏಕೆ ಇಷ್ಟು ಒಗ್ಗಿತು ಎನ್ನುವುದಕ್ಕೆ 1985ಕ್ಕೆ ಹೋಗಬೇಕು. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಇಲ್ಲಿ ಕುಳಿತವರು ಬರೆದದ್ದನ್ನು ಅಮೆರಿಕಕ್ಕೆ ಕಳಿಸಲು ಉಪಗ್ರಹದ ಸಂಪರ್ಕ ಬೇಕಿತ್ತು. ಅದನ್ನು ಖಾಸಗಿಯವರು ಇಟ್ಟುಕೊಳ್ಳುವಂತಿರಲಿಲ್ಲ, ಹಾಗಾಗಿ ಕಂಪನಿ ಉಪಕರಣ ತಂದು ಸರ್ಕಾರದ ಸುಪರ್ದಿಗೆ ಒಪ್ಪಿಸಿ ಬಳಸಬೇಕಾಯಿತು. ದೊಡ್ಡ ಕಂಪನಿಗೆ ಅದು ಸಾಧ್ಯ. ಇಪ್ಪತ್ತು ಜನರ ಸಾಫ್ಟ್‌ವೇರ್ ಸಂಸ್ಥೆಯೊಂದು ಆಂಟೆನಾ ತಂದು ದೆಹಲಿಗೆ ಓಡಾಡುವುದುಂಟೆ? 1991ರಲ್ಲಿ ಸ್ಥಾಪನೆಯಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ, ನಾವೆಲ್ಲ ಎಸ್‌ಟಿಪಿಐ ಎನ್ನುವ ಸರ್ಕಾರಿ ಸಂಸ್ಥೆ, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಈ ಕೆಲಸವನ್ನು ಹಲವರಿಗೆ ಹಂಚಿಕೊಟ್ಟಿತು. ಒಂದು ಭೂಕೇಂದ್ರ, ಅದರಿಂದ ಹಲವು ಕಂಪನಿಗಳಿಗೆ ಸಂಪರ್ಕ, ಸುಂಕದ ಅನುಮತಿಗಳಿಗೆ ಒಂದೇ ಕಿಟಕಿ, ಹೊಸಬರಿಗೆ ಸಜ್ಜಾದ ಕೋಣೆಗಳು. ಕೋ-ವರ್ಕಿಂಗ್ ಎಂಬ ಪದ ಯಾರ ಬಾಯಲ್ಲೂ ಇಲ್ಲದ ಕಾಲಕ್ಕೆ ಅದರ ವ್ಯಾಪಾರ ಸೂತ್ರವನ್ನು ಬೆಂಗಳೂರಿಗೆ ಕಲಿಸಿದ್ದು ಸರ್ಕಾರಿ ಸಂಸ್ಥೆ. ಈ ಮಾತು ನಮ್ಮ ಉದ್ಯಮಿಗಳ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆಮೇಲೆ 1990ರ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಟಾಟಾ, ಸಿಂಗಪುರದ ಕಂಪನಿಗಳ ಕೂಟ ಮತ್ತು ರಾಜ್ಯ ಸರ್ಕಾರ ಸೇರಿ ಕಟ್ಟಿದ ಟೆಕ್ ಪಾರ್ಕ್ ತನ್ನದೇ ವಿದ್ಯುತ್ ಘಟಕ ಇಟ್ಟುಕೊಂಡು ಅದೇ ಸೂತ್ರವನ್ನು ದೊಡ್ಡದು ಮಾಡಿತು. ಕರೆಂಟು ಹೋಗುವ ಊರಿನಲ್ಲಿ ಕರೆಂಟು ಹೋಗದ ಕಟ್ಟಡವೇ ಒಂದು ಸರಕು.

ಇಲ್ಲಿಗೆ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. 2001ರ ಕೊನೆಯ ದಿನದಿಂದ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳನ್ನು ಬಿಟ್ಟು, ವಸತಿಯೇತರ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಮಾಲೀಕನ ಭಯಕ್ಕೆ ಕಾರಣವೇ ಹೋಯಿತು. ಹಾಗಿದ್ದರೆ ಕೀಲಿಕೈ ಕೊಡದ ಬಾಡಿಗೆಯೂ ಸಾಯಬೇಕಿತ್ತಲ್ಲ? ಸಾಯುವುದಿರಲಿ, ಬಿಡಿ ಆಫೀಸುಗಳ ಮಟ್ಟಿಗೆ ಬೆಂಗಳೂರು ದೇಶದ ಅತಿ ದೊಡ್ಡ ಮಾರುಕಟ್ಟೆಯಾಗಿ ಬೆಳೆದದ್ದೇ ಆಮೇಲೆ. ಕಾರಣ, ಭಯ ಮಾಯವಾಗಲಿಲ್ಲ, ಕೈ ಬದಲಿಸಿತು. ರಕ್ಷಣೆ ಹೋದ ಮೇಲೆ ಮಾಲೀಕರು ನಿಶ್ಚಿಂತೆಯಿಂದ ಉದ್ದನೆಯ ಕರಾರು ಕೇಳತೊಡಗಿದರು. ಮೂರು ಮೂರು ವರ್ಷದ ಮೂರು ಕಂತು ಸೇರಿ ಒಂಬತ್ತು ವರ್ಷ, ಮೊದಲ ಕೆಲವು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಲಾಕ್-ಇನ್, ತಿಂಗಳುಗಟ್ಟಲೆ ಬಾಡಿಗೆಗೆ ಸಮನಾದ ಅಡ್ವಾನ್ಸ್. ಅದರ ಮೇಲೆ ಬರಿಯ ಸಿಮೆಂಟಿನ ನೆಲಕ್ಕೆ ಸೀಲಿಂಗು, ಎ.ಸಿ. ಕೊಳವೆ, ವೈರಿಂಗು, ಮೇಜು ಎಲ್ಲವನ್ನೂ ಬಾಡಿಗೆದಾರನೇ ಹಾಕಿಸಬೇಕು, ಬಿಡುವಾಗ ಅದರಲ್ಲಿ ಹೆಚ್ಚಿನದನ್ನು ಬಿಟ್ಟೇ ಹೋಗಬೇಕು. ಮುಂದಿನ ವರ್ಷ ಮೂವತ್ತು ಜನರಿರುತ್ತೇವೋ ಮುನ್ನೂರು ಜನರಿರುತ್ತೇವೋ ಎಂದು ತಿಳಿಯದ ಕಂಪನಿಗೆ ಒಂಬತ್ತು ವರ್ಷದ ಮಾತು ಕೊಡುವುದು ಜೂಜು. ಒಂದು ಕಾಲಕ್ಕೆ ಮಾಲೀಕ ಕೀಲಿಕೈ ಕೊಡಲು ಹೆದರಿದ, ಈಗ ಬಾಡಿಗೆದಾರ ತೆಗೆದುಕೊಳ್ಳಲು ಹೆದರುತ್ತಾನೆ. ಒಬ್ಬರ ಭಯಕ್ಕೆ ಹೊಲಿದ ಅಂಗಿ ಇನ್ನೊಬ್ಬರ ಮೈಗೂ ಸರಿಹೊಂದಿತು.

ಚದರ ಅಡಿಯ ಲೆಕ್ಕ ಹಿಡಿದು ನೋಡಿದರೆ ಇದು ದುಬಾರಿ ಎಂಬುದು ನಿಜ. ಕಂಪನಿಗಳ ಲೆಕ್ಕ ವಿಭಾಗದವರಿಗೆ ಅದು ಗೊತ್ತಿಲ್ಲವೆಂದಲ್ಲ. ಆದರೆ ಚದರ ಅಡಿಯ ಲೆಕ್ಕದಲ್ಲಿ ಖಾಲಿ ಕುರ್ಚಿ ಕಾಣುವುದಿಲ್ಲ. ನೂರು ಜನ ಬರುತ್ತಾರೆಂದು ನೂರು ಜನರ ಜಾಗ ಹಿಡಿದು ಅರವತ್ತು ಜನ ಬಂದರೆ ಉಳಿದ ನಲವತ್ತು ಕುರ್ಚಿಗಳ ಬಾಡಿಗೆಯೂ ಆ ಅರವತ್ತು ಜನರ ತಲೆಯ ಮೇಲೇ ಬೀಳುತ್ತದೆ. ಮದುವೆಗೆಂದು ಮನೆಯಲ್ಲೇ ಸಾವಿರ ಜನರ ಪಾತ್ರೆ ಪಡಗ ಕೊಂಡಿಡುವವರಿಲ್ಲ, ಬಾಡಿಗೆಗೆ ತರುತ್ತಾರೆ, ಒಂದು ದಿನದ ಬಾಡಿಗೆ ದುಬಾರಿಯಾದರೂ. ಜೊತೆಗೆ ಸಮಯದ ಲೆಕ್ಕವಿದೆ. ಕಟ್ಟಡ ಹುಡುಕಿ, ಕರಾರು ಮಾಡಿ, ಒಳಾಂಗಣ ಮುಗಿಸುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಅಷ್ಟರೊಳಗೆ ಕೆಲಸ ಶುರುವಾಗಬೇಕಾದವರಿಗೆ ಸೋಮವಾರ ಬಂದು ಕೂರಬಹುದಾದ ಜಾಗದ ಬೆಲೆಯೇ ಬೇರೆ. ಐದು ವರ್ಷವೂ ಐವತ್ತೇ ಜನರಿರುತ್ತೇವೆ ಎಂಬ ಖಾತರಿಯುಳ್ಳ ಸಂಸ್ಥೆ ಮಾತ್ರ ಇಲ್ಲಿ ನಷ್ಟಕ್ಕೇ ಬೀಳುತ್ತದೆ. ಅಂಥವರು ಸೀಟಿನ ಲೆಕ್ಕದಲ್ಲಿ ಹಣ ಸುರಿಯುವುದು ನೋಡಿದರೆ ಮೇಲೆ ಹೇಳಿದ ಶೋಕಿಯ ವಾದಕ್ಕೂ ಸ್ವಲ್ಪ ಜೀವ ಬರುತ್ತದೆ.

ಇನ್ನೊಂದು ವಾದ ಬಳಗದ್ದು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್, ಒಂಟಿಯಾಗಿ ದುಡಿಯುವವರು ಜೊತೆಗೆ ಕೂತು ಕೆಲಸ ಮಾಡಲಿ ಎಂದು ಜಾಗವೊಂದನ್ನು ತೆರೆದರು, ಕೋ-ವರ್ಕಿಂಗ್ ಎಂಬ ಮಾತು ಅಲ್ಲಿಂದ ಹರಡಿತು. ಆಶಯ ಪ್ರಾಮಾಣಿಕವಾದದ್ದು. ಆದರೆ ವ್ಯಾಪಾರವಾಗಿ ಅದು ಬೆಳೆದದ್ದು ಬೇರೆ ಬಲದಿಂದ. ಮಾರ್ಕ್ ಡಿಕ್ಸನ್ ಬ್ರಸೆಲ್ಸ್‌ನಲ್ಲಿ ರೀಗಸ್ ಶುರುಮಾಡಿದ್ದು 1989ರಲ್ಲಿ, ಬಳಗದ ಮಾತು ಹುಟ್ಟುವುದಕ್ಕೆ 16 ವರ್ಷ ಮೊದಲು. ಹೋಟೆಲಿನ ಮೊಗಸಾಲೆಗಳಲ್ಲಿ ಫೈಲು ಹರಡಿಕೊಂಡು ಕೂರುವ ಪರಊರ ವ್ಯಾಪಾರಸ್ಥರು ಅವರ ಗಿರಾಕಿಗಳು, ಗೆಳೆತನ ಹುಡುಕಿ ಬಂದವರಲ್ಲ.

ಹಾಗಾದರೆ ಕಂಪನಿಗಳು ಇಳಿಸಿದ ಹೊರೆ ಎಲ್ಲಿ ಹೋಯಿತು? ಗಾಳಿಯಲ್ಲಂತೂ ಕರಗಲಿಲ್ಲ. ನಡುವೆ ನಿಂತವನು ಮಾಲೀಕನಿಂದ ಹತ್ತು ಹದಿನೈದು ವರ್ಷಕ್ಕೆ ಸಗಟಾಗಿ ಕೊಂಡು, ತಿಂಗಳು ತಿಂಗಳಿಗೆ ಚಿಲ್ಲರೆಯಾಗಿ ಮಾರುತ್ತಾನೆ. ಒಳ್ಳೆಯ ದಿನಗಳಲ್ಲಿ ಲಾಭ ಕೈತುಂಬ. ಕೆಟ್ಟ ದಿನ ಬಂದಾಗ ಗಿರಾಕಿಗಳು ತಿಂಗಳ ನೋಟಿಸು ಕೊಟ್ಟು ಹೊರಡುತ್ತಾರೆ, ಹದಿನೈದು ವರ್ಷದ ಮಾತು ಅವನ ಕೊರಳಿಗೇ ಉಳಿಯುತ್ತದೆ. ಡಾಟ್‌ಕಾಂ ಕುಸಿತದ ನಂತರ 2003ರ ಜನವರಿಯಲ್ಲಿ ರೀಗಸ್‌ನ ಅಮೆರಿಕದ ಅಂಗ ದಿವಾಳಿ ರಕ್ಷಣೆ ಕೇಳಿತು. ಪಾಠ ಎಲ್ಲರ ಕಣ್ಣೆದುರಿಗಿತ್ತು. ಆದರೂ 2010ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವಿವರ್ಕ್ ಅದನ್ನೇ ಹಲವು ಪಟ್ಟು ದೊಡ್ಡದಾಗಿ ಮಾಡಿತು. 2019ರಲ್ಲಿ ಷೇರು ಮಾರಲು ಹೊರಟಾಗ ಸಲ್ಲಿಸಿದ ಕಾಗದಗಳ ಪ್ರಕಾರ ಅದು ಮುಂದಿನ ವರ್ಷಗಳಲ್ಲಿ ಮಾಲೀಕರಿಗೆ ಕೊಡಬೇಕಿದ್ದ ಬಾಡಿಗೆ ಸುಮಾರು 4,700 ಕೋಟಿ ಡಾಲರ್, ಗಿರಾಕಿಗಳಿಂದ ಬರುವುದೆಂದು ಕರಾರಾಗಿದ್ದ ಹಣ ಸುಮಾರು 400 ಕೋಟಿ ಡಾಲರ್. ಆ ಎರಡು ಅಂಕಿಗಳ ನಡುವಿನ ಕಂದಕವೇ ಈ ವ್ಯಾಪಾರದ ನಿಜವಾದ ಸರಕು. ಗಿರಾಕಿ ದುಡ್ಡು ಕೊಡುವುದು ಆ ಕಂದಕದ ಇನ್ನೊಂದು ದಡದಲ್ಲಿ ತಾನು ನಿಲ್ಲಬೇಕಿಲ್ಲ ಎಂಬುದಕ್ಕೆ. ಷೇರು ಮಾರಾಟ ಕೈಬಿಟ್ಟುಹೋಯಿತು, 2023ರ ನವೆಂಬರಿನಲ್ಲಿ ವಿವರ್ಕ್ ಕೂಡ ದಿವಾಳಿ ರಕ್ಷಣೆಗೆ ಹೋಯಿತು. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿದ್ದ ಅದರ ಭಾರತದ ಕಂಪನಿ ಎಂಬೆಸಿ ಸಮೂಹದ ಹಿಡಿತದಲ್ಲಿದ್ದುದರಿಂದ ಇಲ್ಲಿನ ಬಾಗಿಲುಗಳು ತೆರೆದೇ ಇದ್ದವು.

ನಡುವಿನವನು ಮುಳುಗಿದರೆ ಗಿರಾಕಿಯ ಗತಿಯೇನು ಎಂಬ ಪ್ರಶ್ನೆಗೆ ಸಮಾಧಾನದ ಉತ್ತರವಿಲ್ಲ. ಲೈಸೆನ್ಸುದಾರನಿಗೆ ಸ್ವತ್ತಿನಲ್ಲಿ ಹಕ್ಕಿಲ್ಲ ಎಂದು 1882ರಲ್ಲೇ ಬರೆದಾಗಿದೆ, ಮಾಲೀಕ ಬಂದು ಬೀಗ ಹಾಕಿದರೆ ಅವನು ಹೊರಗೆ. ಆದರೆ ಹಕ್ಕು ಪಡೆದವನ ಸ್ಥಿತಿಯನ್ನೂ ನೋಡಬೇಕು. 2020ರ ಲಾಕ್‌ಡೌನಿನಲ್ಲಿ ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಬಾಡಿಗೆದಾರ, ಅಂಗಡಿ ತೆರೆಯಲಾಗದ ಕಾಲದ ಬಾಡಿಗೆಯನ್ನು ತಡೆಹಿಡಿಯಿರಿ ಎಂದು ಹೈಕೋರ್ಟಿಗೆ ಹೋದರು. ಜಾಗ ನಿಮ್ಮ ಸ್ವಾಧೀನದಲ್ಲೇ ಇರುವಾಗ ಬಾಡಿಗೆ ನಿಲ್ಲಿಸಲಾಗದು ಎಂಬ ಉತ್ತರ ಬಂತು. ಕೀಲಿಕೈ ಹಿಡಿದವನನ್ನು ಕೀಲಿಕೈಯೇ ಕಟ್ಟಿಹಾಕಿತು. ಆ ದಿನಗಳಲ್ಲಿ ತಿಂಗಳ ಕರಾರಿನವರು ಕುರ್ಚಿ ಬಿಟ್ಟು ಊರು ಸೇರಿದರು.

ಇದಕ್ಕೆ ಸ್ವಲ್ಪ ಮೊದಲು ಲೆಕ್ಕಪತ್ರದ ನಿಯಮವೂ ಈ ಕಡೆಗೇ ತಳ್ಳಿತ್ತು. 2019ರ ಏಪ್ರಿಲ್ 1ರಿಂದ ನಮ್ಮ ದೊಡ್ಡ ಕಂಪನಿಗಳಿಗೆ ಅನ್ವಯವಾದ ‘ಇಂಡ್ ಎಎಸ್ 116’ರ ಪ್ರಕಾರ 12 ತಿಂಗಳು ಮೀರಿದ ಗುತ್ತಿಗೆಯ ಮುಂದಿನ ಬಾಡಿಗೆಯನ್ನೆಲ್ಲ ಸಾಲದಂತೆ ಆಸ್ತಿ-ಹೊಣೆಯ ಪಟ್ಟಿಯಲ್ಲಿ ತೋರಿಸಬೇಕು. ಬರಿಯ ಸೇವೆಯಾದರೆ ಬೇಕಿಲ್ಲ. ಗುತ್ತಿಗೆಯೋ ಸೇವೆಯೋ ಎಂದು ತೀರ್ಮಾನಿಸುವುದು ಹೇಗೆ? ಜಾಗ ಇಂಥದ್ದೇ ಎಂದು ಗೊತ್ತಾಗಿರಬೇಕು, ಅದರ ಹಿಡಿತ ಗಿರಾಕಿಯ ಕೈಯಲ್ಲಿರಬೇಕು. ಕೊಟ್ಟವನಿಗೆ ಬದಲಿ ಜಾಗ ಕೊಡುವ ನಿಜವಾದ ಅಧಿಕಾರವಿದ್ದು, ಹಾಗೆ ಬದಲಿಸುವುದರಿಂದ ಅವನಿಗೆ ಲಾಭವೂ ಇದ್ದರೆ ಅದು ಗುತ್ತಿಗೆಯಲ್ಲ. ಲಂಡನ್ನಿನ ನ್ಯಾಯಾಲಯ ಮೆಚ್ಚಿದ ಅದೇ ಸಾಲು ಮೂರು ದಶಕದ ಬಳಿಕ ಲೆಕ್ಕಿಗರ ನಿಯಮದಲ್ಲಿ ಮತ್ತೆ ಬಂದು ಕೂತಿದೆ. ಕಾನೂನಿನವರೂ ಲೆಕ್ಕದವರೂ ಬೇರೆ ಬೇರೆ ದಾರಿಯಲ್ಲಿ ಬಂದು ಕೇಳಿದ್ದು ಒಂದೇ: ಕೀಲಿಕೈ ಯಾರ ಹತ್ತಿರ ಇದೆ?

ಈಚೆಗೆ ಈ ಏರ್ಪಾಡಿನ ಮುಖವೇ ಬದಲಾಗುತ್ತಿದೆ, ವಾದವನ್ನು ಪೂರ್ತಿಯಾಗಿ ಹೇಳಬೇಕೆಂದರೆ ಅದನ್ನೂ ಹೇಳಬೇಕು. ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು, ಜಿಸಿಸಿ ಎಂದು ಕರೆಯುವಂಥವು, ಭಾರತದಲ್ಲಿ 1,700 ದಾಟಿವೆ. ಇನ್ನೂ 500ನ್ನು 2029ರೊಳಗೆ ತರುವ ಗುರಿಯೊಂದಿಗೆ ಕರ್ನಾಟಕ 2024ರಲ್ಲಿ ಪ್ರತ್ಯೇಕ ನೀತಿಯನ್ನೇ ಹೊರಡಿಸಿತು. ಇವರಲ್ಲಿ ಅನೇಕರು ‘ಮ್ಯಾನೇಜ್ಡ್ ಆಫೀಸ್’ ಹಿಡಿಯುತ್ತಾರೆ: ಇಡೀ ಮಹಡಿ ಒಬ್ಬರಿಗೇ, ಗೋಡೆಯ ಮೇಲೆ ಅವರದೇ ಹೆಸರು, ಬಾಗಿಲಿಗೆ ಅವರದೇ ಕಾರ್ಡು, ಕರಾರು ಹಲವು ವರ್ಷಕ್ಕೆ, ಲಾಕ್-ಇನ್ ಸಮೇತ. ಇದರಲ್ಲಿ ಹೊಂದಿಕೊಳ್ಳುವ ಗುಣ ಎಷ್ಟು ಉಳಿಯಿತು ಎಂದು ಕೇಳಿದರೆ, ಜಾಹೀರಾತಿನಲ್ಲಿ ಹೇಳುವಷ್ಟಂತೂ ಇಲ್ಲ. ಒಳಾಂಗಣದ ಬಂಡವಾಳ ಉಳಿಯುತ್ತದೆ, ತಲೆನೋವು ತಪ್ಪುತ್ತದೆ, ಆದರೆ ಸ್ವಾಧೀನದ ಕಣ್ಣಿಂದ ನೋಡಿದರೆ ಇಂಪೀರಿಯಲ್ ಹೋಟೆಲಿನ ಕೋಣೆಗಳಿಗೆ ಇದು ಹತ್ತಿರ, ಜಾತ್ರೆಯ ಅಂಗಡಿಗೆ ದೂರ. ಇತ್ತ ನಡುವಿನವರೂ ಬುದ್ಧಿ ಕಲಿತಿದ್ದಾರೆ. 2024ರಲ್ಲಿ ಷೇರುಪೇಟೆಗೆ ಬಂದ ‘ಆಫಿಸ್’ (Awfis) ಎಂಬ ಕಂಪನಿ ಮೊದಲಾದವರು ಕೆಲವು ಕಟ್ಟಡಗಳಲ್ಲಿ ಮಾಲೀಕನಿಗೆ ನಿಗದಿತ ಬಾಡಿಗೆಯ ಪೂರ್ತಿ ಭರವಸೆ ಕೊಡುವ ಬದಲು, ಒಳಾಂಗಣದ ಖರ್ಚಿನಲ್ಲೂ ಬರುವ ಆದಾಯದಲ್ಲೂ ಅವನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಾರೆ. ಕುರ್ಚಿ ತುಂಬಿದರೆ ಅವನಿಗೂ ಪಾಲು, ಖಾಲಿಯಿದ್ದರೆ ಅವನಿಗೂ ನಷ್ಟ. ಬಾಡಿಗೆದಾರನ ಕೈಯಿಂದ ಕಟ್ಟಡ ಉಳಿಸಿಕೊಳ್ಳಲು ಕೀಲಿಕೈ ಬಚ್ಚಿಟ್ಟುಕೊಂಡ ಮಾಲೀಕ, ಎಪ್ಪತ್ತು ವರ್ಷದ ನಂತರ, ಅದೇ ಕೀಲಿಕೈ ಹಿಡಿದು ಈ ತಿಂಗಳು ಎಷ್ಟು ಸೀಟು ತುಂಬಿವೆ ಎಂದು ಎಣಿಸುತ್ತಿದ್ದಾನೆ.